ಹಳೆಯ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ: ಹಣ ಕೊಡುವ ಮುನ್ನ ಬೆಲೋಸ್ ನೋಡಿ

4×5 ಇಂಚಿನ ಶೀಟ್ ಫಿಲ್ಮ್ ಬಳಸುವ ಹಳೆಯ ಕ್ಯಾಮೆರಾ ಕೊಳ್ಳಲು ಹೊರಟವರು ಮರದ ಹೊಳಪಿಗೆ ಮನಸೋಲುವ ಮೊದಲು ಬೆಲೋಸನ್ನು, ಅಂದರೆ ಲೆನ್ಸಿಗೂ ಕ್ಯಾಮೆರಾದ ಹಿಂಬದಿಗೂ ನಡುವೆ ಹಿಗ್ಗಿ ಕುಗ್ಗುವ, ಬೆಳಕು ನುಗ್ಗದ ಮಡಿಕೆಗಳ ಹೊದಿಕೆಯನ್ನು, ಪರೀಕ್ಷಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕತ್ತಲ ಕೋಣೆಯಲ್ಲಿ ಅದನ್ನು ಪೂರ್ತಿ ಹಿಗ್ಗಿಸಿ, ಲೆನ್ಸ್ ಮುಚ್ಚಿ, ಹಿಂಬದಿಯಿಂದ ಒಳಗೆ ಸಣ್ಣ ಟಾರ್ಚ್ ಹಿಡಿದು, ಹೊರಗಿನಿಂದ ಪ್ರತಿಯೊಂದು ಮಡಿಕೆಯ ಮೂಲೆಯನ್ನೂ ನಿಧಾನವಾಗಿ ನೋಡಿದರೆ, ಸೂಜಿಮೊನೆಯಷ್ಟು ರಂಧ್ರವೂ ನಕ್ಷತ್ರದಂತೆ ಹೊಳೆಯುತ್ತದೆ. ಎರಡು ಮೂರು ರಂಧ್ರಗಳಷ್ಟೇ ಇದ್ದರೆ ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆಯೇ ಮಡಚಬೇಕು. ಮೂಲೆಗಳೆಲ್ಲ ಬಿರಿದಿದ್ದರೆ ತೇಪೆ ಹೆಚ್ಚು ಕಾಲ ನಿಲ್ಲದು. ಹೊಸ ಬೆಲೋಸಿನ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವುದೇ ನ್ಯಾಯ.

ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ, ಅದರ ಸದ್ದನ್ನು ಫೋನಿನಲ್ಲಿ ಮುದ್ರಿಸಿ ಅಳೆಯಿರಿ. ತಡವರಿಸಿದರೆ ಒಳಗಿನ ಹಳೆಯ ಎಣ್ಣೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ದಯವಿಟ್ಟು ಮೇಲಿನಿಂದ ಹೊಸ ಎಣ್ಣೆ ಬಿಡಬೇಡಿ, ಏಕೆಂದರೆ ಅದು ಶಟರಿನ ಎಲೆಗಳಿಗೆ ಹರಿದು ಅವುಗಳನ್ನು ಅಂಟಿಸಿಬಿಡುತ್ತದೆ. ಇದು ನುರಿತ ರಿಪೇರಿಯವರ ಕೆಲಸ.

ಹಲವರು ಮರೆಯುವುದು ಗ್ರೌಂಡ್ ಗ್ಲಾಸನ್ನು, ಅಂದರೆ ಫೋಕಸ್ ಮಾಡುವಾಗ ಚಿತ್ರ ಮೂಡುವ ಹಿಂಬದಿಯ ಮಬ್ಬು ಗಾಜನ್ನು. ಅದರ ಒರಟು ಮೈ ಲೆನ್ಸಿನ ಕಡೆಗೇ ಇರಬೇಕು. ಹಿಂದಿನವರು ಗಾಜು ಬದಲಿಸುವಾಗ ತಿರುಗಿಸಿ ಕೂರಿಸಿದ್ದರೆ, ಗಾಜಿನ ಮೇಲೆ ಸ್ಪಷ್ಟವಾಗಿ ಕಂಡ ಚಿತ್ರ ಫಿಲ್ಮಿನ ಮೇಲೆ ಮಸುಕಾಗಿ ಬರುತ್ತದೆ.