ಪವರ್ ಕೇಬಲ್ ಬದಲಾಯಿಸಿದೆ, ಗುಂಯ್ ಸದ್ದು ಹೋಗಲಿಲ್ಲ: ನನ್ನ ಅನುಭವ

ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುವಾಗ ನನಗೆ ತಂಬೂರಿಯೂ ಚೆನ್ನಾಗಿ ಕೇಳಬೇಕು. ಎರಡು ತಾನಗಳ ನಡುವೆ ಅವರು ಉಸಿರೆಳೆದುಕೊಳ್ಳುವಾಗ ಅಲ್ಲಿ ಉಳಿಯುವುದು ತಂಬೂರಿಯ ನಾದ ಮಾತ್ರ. ನಮ್ಮ ಮನೆಯ ಸಿಸ್ಟಮ್‌ನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಂಡಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಆಂಪ್ಲಿಫೈಯರ್ ಜೊತೆ ಬಂದ ಪವರ್ ಕೇಬಲ್ ತೆಗೆದುಹಾಕಿ, ಒಳ್ಳೆಯದು ತಗೊಳ್ಳಿ.

ಗೆಳೆಯರೊಬ್ಬರು ತಮ್ಮ ದುಬಾರಿ ಕೇಬಲ್ ಕೊಟ್ಟರು. ನೋಡಿಕೊಂಡು ಕೇಳಿದರೆ ಮನಸ್ಸು ದುಬಾರಿ ಕೇಬಲ್ ಕಡೆಗೇ ವಾಲುತ್ತದೆ. ಹಾಗಾಗಿ ಮಗಳನ್ನು ಆಂಪ್ ಹಿಂದೆ ಕೂರಿಸಿದೆ. ನನಗೆ ಕಾಣದ ಹಾಗೆ ಅವಳು ಕೇಬಲ್ ಬದಲಾಯಿಸಬೇಕು. ಕೆಲವು ಸಲ ಬದಲಾಯಿಸದೆ, ಸುಮ್ನೆ ಕಿತ್ತು ಅದನ್ನೇ ಹಾಕಬೇಕು. ವಾಲ್ಯೂಮ್ ಯಾರೂ ಮುಟ್ಟುವ ಹಾಗಿಲ್ಲ. "ಈಗ ಯಾವುದು ಹೇಳಪ್ಪಾ" ಅಂತ ಅವಳು ಕೇಳಿದಾಗಲೆಲ್ಲ ನಾನು ಕೊಟ್ಟ ಉತ್ತರ ಬರೀ ಊಹೆಯಷ್ಟೇ ಸರಿಯಾಗಿತ್ತು. ಕೇಬಲ್ ಕೊಟ್ಟ ಗೆಳೆಯರೂ ಕೂತು ಕೇಳಿದರು. ಅವರಿಗೂ ಗುರುತು ಸಿಗಲಿಲ್ಲ. ಗುಂಯ್ ಸದ್ದಂತೂ ಎರಡರಲ್ಲೂ ಹಾಗೇ ಇತ್ತು.

ಲೆಕ್ಕ ಹಾಕಿದರೂ ಇದೇ ಬರುತ್ತದೆ. 1.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 2 ಮೀಟರ್ ಇದ್ದರೆ, ಹೋಗಿ ಬರುವ ಎರಡೂ ತಂತಿ ಸೇರಿ ಅದರ ರೆಸಿಸ್ಟೆನ್ಸ್ ಸುಮಾರು 0.05 ಓಮ್. ಆಂಪ್ 1 ಆಂಪಿಯರ್ ಎಳೆದರೆ ಅಲ್ಲಿ ಕಳೆದುಹೋಗುವುದು 0.05 ವೋಲ್ಟ್. ಸಂಜೆ ಹೊತ್ತು ನಮ್ಮ ಬೀದಿಯಲ್ಲಿ 230 ಇರಬೇಕಾದ ವೋಲ್ಟೇಜ್ ಎಷ್ಟೋ ಸಲ 210ಕ್ಕೆ ಇಳಿಯುತ್ತದೆ. ಅದರ ಮುಂದೆ ಇದು ಯಾವ ಲೆಕ್ಕ? ಮೇಲಾಗಿ ಆಂಪ್ ಒಳಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ದೊಡ್ಡ ಕೆಪಾಸಿಟರ್ ಇವೆ. ಹಾಡಿಗೆ ಸಿಗುವುದು ಅಲ್ಲಿ ತಯಾರಾದ ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹರಿಯುವುದು), ಕೇಬಲ್‌ನಲ್ಲಿ ಬಂದದ್ದು ನೇರವಾಗಿ ಅಲ್ಲ.

ಹಾಗಾದರೆ ಸದ್ದು ಎಲ್ಲಿಂದ? ಆಂಪ್‌ಗೆ ಬರುವ ಎಲ್ಲ ಸಿಗ್ನಲ್ ವೈರ್ ಕಿತ್ತೆ. ಪೂರ್ತಿ ನಿಶ್ಶಬ್ದ. ಆಮೇಲೆ ಒಂದೊಂದಾಗಿ ಹಾಕುತ್ತಾ ಬಂದೆ. ಟಿವಿಯಿಂದ ಬರುವ ಆಡಿಯೋ ವೈರ್ ಸಿಕ್ಕಿಸಿದ ತಕ್ಷಣ ಗುಂಯ್ ಶುರು. ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಕೇಬಲ್ ಟಿವಿ ವೈರ್ ತಿರುಗಿಸಿ ತೆಗೆದರೆ ಸದ್ದು ಮಾಯ! ಆ ವೈರಿನ ಹೊರಗಿನ ಜಾಲರಿ ಬೀದಿಯಲ್ಲಿ ಬೇರೆಲ್ಲೋ ನೆಲಕ್ಕೆ ಸೇರಿರುತ್ತದೆ. ನನ್ನ ಆಂಪ್ ಮನೆಯ ಅರ್ಥಿಂಗ್‌ಗೆ ಸೇರಿದೆ. ಎರಡು ನೆಲಗಳ ನಡುವೆ ವ್ಯತ್ಯಾಸ ಇದ್ದರೆ ಕರೆಂಟ್ ಆಡಿಯೋ ವೈರಿನ ಮೂಲಕವೇ ಹರಿಯುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದನ್ನೇ.

ಮಲ್ಟಿಮೀಟರ್ ಹಿಡಿದು ಪ್ಲಗ್ ಪಾಯಿಂಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಿದರೆ 20 ವೋಲ್ಟ್ ಹತ್ತಿರ. ಒಂದೆರಡು ವೋಲ್ಟ್ ಇದ್ದರೆ ಸರಿ, ಇದು ತೀರಾ ಜಾಸ್ತಿ. ಎಲೆಕ್ಟ್ರಿಷಿಯನ್ ಬಂದು ಕಾಂಪೌಂಡ್ ಪಕ್ಕದ ಅರ್ಥಿಂಗ್ ಗುಂಡಿ ತೆಗೆದರು. ಒಳಗೆ ಒಣ ಮಣ್ಣು, ಪೈಪಿಗೆ ಬಿಗಿದ ತಂತಿ ತುಕ್ಕು ಹಿಡಿದಿತ್ತು. ಹೊಸ ಜಿಐ ಪೈಪ್ ಹೂತು, ಇದ್ದಿಲು ಉಪ್ಪು ತುಂಬಿ, ನೀರು ಹಾಕಿದರು. ಸದ್ದು ಅರ್ಧಕ್ಕಿಂತ ಕಡಿಮೆ ಆಯಿತು. ಉಳಿದದ್ದು ಕೇಬಲ್ ಟಿವಿ ವೈರಿಗೆ ಐಸೊಲೇಟರ್ (ಸಿಗ್ನಲ್ ಬಿಟ್ಟು ನೆಲದ ಕರೆಂಟ್ ತಡೆಯುವ ಸಣ್ಣ ಸಾಧನ) ಹಾಕಿ, ಟಿವಿ, ಬಾಕ್ಸ್, ಆಂಪ್ ಮೂರನ್ನೂ ಒಂದೇ ಬೋರ್ಡಿಗೆ ತಂದ ಮೇಲೆ ಹೋಯಿತು. ಡಿಷ್ ಇರುವವರಿಗೆ ಈ ಐಸೊಲೇಟರ್ ಆಗಲ್ಲ, ಯಾಕೆಂದರೆ ಡಿಷ್‌ಗೆ ಆ ವೈರಿನಲ್ಲೇ ಕರೆಂಟ್ ಹೋಗಬೇಕು.

ಪ್ಲಗ್‌ನ ಅರ್ಥ್ ಪಿನ್ ಬಿಚ್ಚಿಬಿಟ್ಟರೆ ಸದ್ದು ನಿಲ್ಲುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಒಳಗೆ ಏನಾದರೂ ಶಾರ್ಟ್ ಆದರೆ ಆಂಪ್‌ನ ಲೋಹದ ಮೈಗೆ 230 ವೋಲ್ಟ್ ಬರುತ್ತದೆ. ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ, ಅಲ್ವಾ?

ಪವರ್ ಕೇಬಲ್ ನಿಜವಾಗಿ ತೊಂದರೆ ಕೊಟ್ಟದ್ದು ಟರ್ನ್‌ಟೇಬಲ್‌ಗೆ, ಅಂದರೆ ರೆಕಾರ್ಡ್ ಪ್ಲೇಯರ್‌ಗೆ. ರೆಕಾರ್ಡಿನ ಮುಳ್ಳಿನಿಂದ ಬರುವ ಸಿಗ್ನಲ್ 5 ಮಿಲಿವೋಲ್ಟ್ ಆಸುಪಾಸು. ಅದನ್ನು ಫೋನೋ ಸ್ಟೇಜ್ ಸುಮಾರು 100 ಪಟ್ಟು ಹಿಗ್ಗಿಸುತ್ತದೆ. ರೆಕಾರ್ಡ್ ಕೊರೆಯುವಾಗ ಮಂದ್ರದ ಸ್ವರಗಳನ್ನು ತಗ್ಗಿಸಿರುತ್ತಾರೆ, ಕೇಳಿಸುವಾಗ ಅವನ್ನು ಮತ್ತೆ ಎತ್ತಬೇಕು. ಹಾಗಾಗಿ 50 ಹರ್ಟ್ಸ್ ಹತ್ತಿರ ಇನ್ನೂ ಏಳು ಪಟ್ಟು ಜಾಸ್ತಿ ಹಿಗ್ಗುತ್ತದೆ. ನಮ್ಮ ಕರೆಂಟೂ 50 ಹರ್ಟ್ಸೇ! ಸ್ಟ್ಯಾಂಡ್ ಹಿಂದೆ ಪವರ್ ಕೇಬಲ್ಲನ್ನೂ ಟರ್ನ್‌ಟೇಬಲ್‌ನಿಂದ ಬರುವ ಫೋನೋ ವೈರನ್ನೂ ಒಟ್ಟಿಗೆ ಕಟ್ಟಿದ್ದರು. ಬಿಡಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಎಳೆದೆ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ಒಂದು ರೂಪಾಯಿ ಖರ್ಚಿಲ್ಲ, ಫಲ ಮಾತ್ರ ಕಿವಿಗೆ ಸ್ಪಷ್ಟ.

ಕರೆಂಟ್ ಹೋದಾಗ ಇನ್ನೊಂದು ಗೋಳು. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಅದರ ವೋಲ್ಟೇಜ್ ನುಣುಪಾಗಿ ಏರಿಳಿಯದೆ ಥಟ್ಟನೆ ಏರಿಳಿಯುತ್ತದೆ. ಅದರ ಕರೆಂಟಿನಲ್ಲಿ ಆಂಪ್‌ನ ಟ್ರಾನ್ಸ್‌ಫಾರ್ಮರೇ ಕಿರಿಕಿರಿ ಸದ್ದು ಮಾಡುತ್ತದೆ. ಅದಕ್ಕೆ ಆಂಪ್ ಪಾಯಿಂಟನ್ನು ಇನ್ವರ್ಟರ್ ಲೈನಿನಿಂದ ಬೇರೆ ಮಾಡಿಸಿದೆ.

ಆಂಪ್‌ಗೆ ಈಗ ಹಾಕಿರುವುದು ಐಎಸ್‌ಐ ಗುರುತಿನ ಸಾಮಾನ್ಯ ಮೂರು ಪಿನ್ ಕೇಬಲ್. ಕೊಳ್ಳುವಾಗ ನಾನು ನೋಡುವುದು ಒಳಗೆ ನಿಜವಾದ ತಾಮ್ರ ಇದೆಯೇ, ಪಿನ್‌ಗಳು ಸಾಕೆಟ್‌ನಲ್ಲಿ ಅಲ್ಲಾಡದೆ ಕೂರುತ್ತವೆಯೇ ಅಂತ. ಲೂಸ್ ಆದ ಸಾಕೆಟ್ ಚಿಟಪಟ ಸದ್ದನ್ನೂ ತರುತ್ತದೆ, ಬಿಸಿಯಾಗಿ ಕರಗುವುದೂ ಉಂಟು. ಹಾಲ್‌ನಲ್ಲಿದ್ದ ಹಳೆಯ ಸಾಕೆಟ್ ತೆಗೆಸಿ ಹೊಸದು ಹಾಕಿಸಿದ್ದೇನೆ.