ನಿನ್ನೆ 80 ಮೀಟರ್, ಇವತ್ತು 45

2.4 ಗಿಗಾಹರ್ಟ್ಸ್‌ನ ಎರಡು ಪುಟ್ಟ ರೇಡಿಯೋ ಮಾಡ್ಯೂಲ್‌ಗಳು ಎಷ್ಟು ದೂರ ಕೆಲಸ ಮಾಡುತ್ತವೆ ಅಂತ ನೋಡಬೇಕಿತ್ತು. ಒಂದನ್ನು ಮೇಜಿನ ಮೇಲಿಟ್ಟೆ, ಇನ್ನೊಂದನ್ನು ಎದೆಯ ಹತ್ತಿರ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋದೆ. 80 ಮೀಟರ್ ತನಕ ಸಿಗ್ನಲ್ ಸಿಕ್ಕಿತು. ಮರುದಿನ ಅದೇ ಜಾಗ, ಅದೇ ಬ್ಯಾಟರಿ. 45ಕ್ಕೇ ಕೈಕೊಟ್ಟಿತು.

ಮಾಡ್ಯೂಲ್ ಕೆಟ್ಟಿರಲಿಲ್ಲ. ಅಡ್ಡ ಬಂದವನು ನಾನೇ! ಎರಡನೇ ದಿನ ಮೇಜಿಗೆ ಬೆನ್ನು ಹಾಕಿ ನಡೆದಿದ್ದೆ. ನಮ್ಮ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಈ ಅಲೆಗಳನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಆಮೇಲೆ ಎರಡನ್ನೂ ಮರದ ಕೋಲಿಗೆ ಕಟ್ಟಿ ನಿಲ್ಲಿಸಿ, ನಾನು ದೂರ ಸರಿದೆ. ಆಗಲೂ ಕೋಲನ್ನು ನಾಲ್ಕು ಬೆರಳು ಆಚೀಚೆ ಸರಿಸಿದರೆ ಅಂಕಿ ಬದಲಾಗುತ್ತಿತ್ತು. ಅಲೆಯ ಉದ್ದವೇ ಸುಮಾರು 12.5 ಸೆಂಟಿಮೀಟರ್. ನೆಲಕ್ಕೆ, ಗೋಡೆಗೆ ಬಡಿದು ಬಂದ ಅಲೆ ನೇರವಾಗಿ ಬಂದದ್ದಕ್ಕೆ ಒಂದು ಕಡೆ ಬಲ ಕೊಟ್ಟರೆ ಪಕ್ಕದಲ್ಲೇ ಅದನ್ನು ಅಳಿಸಿಹಾಕುತ್ತದೆ.

ಸಾಕಾಯಿತು. ಆಂಟೆನಾಗಳನ್ನೇ ಬಿಚ್ಚಿ, ನಡುವೆ ಕೇಬಲ್ ಹಾಕಿದೆ. ಅದರಲ್ಲಿ ದೂರದ ಬದಲಿಗೆ, ಸಿಗ್ನಲ್ಲನ್ನು 60 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಏರಿತು ಇಳಿಯಿತು ಅನ್ನುವ ಅಳತೆ) ತಗ್ಗಿಸುವ ಅಟೆನ್ಯುಯೇಟರ್, ಜೊತೆಗೆ ಒಂದೊಂದೇ ಡಿಬಿ ಏರಿಸಬಹುದಾದ ಇನ್ನೊಂದು. ಪ್ರತಿ ಸಲವೂ ನಂಬರ್ ಹಾಕಿದ 1000 ಪ್ಯಾಕೆಟ್ (ಮಾಹಿತಿಯ ಪುಟ್ಟ ತುಣುಕು) ಕಳಿಸಿ, ತಪ್ಪಿಹೋದವನ್ನು ಎಣಿಸಿದೆ.

ಆದರೆ ಪೂರ್ತಿ ಏರಿಸಿದರೂ ಪ್ಯಾಕೆಟ್ ಬರ್ತಾನೇ ಇತ್ತು! ಅನುಮಾನ ಬಂದು ಕೇಬಲ್ಲೇ ಕಿತ್ತೆ. ಆಗಲೂ ಬಂತು. ಬೋರ್ಡಿನಿಂದ ಸೋರಿದ ಸಿಗ್ನಲ್ ಗಾಳಿಯಲ್ಲೇ ದಾಟುತ್ತಿತ್ತು. ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಳಗೆ ಒಂದನ್ನು ಬ್ಯಾಟರಿ ಸಮೇತ ಕೂರಿಸಿ, ಕನೆಕ್ಟರನ್ನು ಡಬ್ಬಿಯ ಗೋಡೆಗೇ ಬಿಗಿದೆ. ಯುಎಸ್‌ಬಿ ವೈರನ್ನು ಸುಮ್ನೆ ತೂತಿನಿಂದ ಹೊರಗೆಳೆದರೆ ಅದೇ ಆಂಟೆನಾ ಆಗಿಬಿಡುತ್ತದೆ, ಅದಕ್ಕೇ ಬ್ಯಾಟರಿ.

ಅಲ್ಲಿಂದ ಅಂಕಿಗಳು ದಿನದಿನಕ್ಕೆ 1 ಡಿಬಿ ಒಳಗೇ ನಿಂತವು. ನನಗೆ ಸೋಜಿಗ ಅನಿಸಿದ್ದು, ಸಿಗುವ ಪ್ಯಾಕೆಟ್‌ಗಳು ನಿಧಾನವಾಗಿ ಕಮ್ಮಿಯಾಗುವುದಿಲ್ಲ. ಎಲ್ಲ ಸರಿಯಿದೆ ಅನ್ನುವಷ್ಟರಲ್ಲಿ, ಮೂರು ನಾಲ್ಕು ಡಿಬಿಯಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ನೂರಕ್ಕೆ ಹತ್ತು ಪ್ಯಾಕೆಟ್ ತಪ್ಪುವ ಜಾಗವನ್ನೇ ಗೆರೆ ಅಂತ ಇಟ್ಟುಕೊಂಡೆ. ವೇಗವನ್ನು 2 ಎಂಬಿಪಿಎಸ್‌ನಿಂದ 250 ಕೆಬಿಪಿಎಸ್‌ಗೆ ಇಳಿಸಿದಾಗ ಆ ಗೆರೆ 11 ಡಿಬಿ ಆಚೆ ಹೋಯಿತು. ಬಯಲಿನಲ್ಲಿ ದೂರ ಎರಡರಷ್ಟಾಗಲು 6 ಡಿಬಿ ಬೇಕು. ಅಂದರೆ ಲೆಕ್ಕಕ್ಕೆ ಮೂರೂವರೆ ಪಟ್ಟು ದೂರ.

ಕೋಲುಗಳನ್ನು ಇನ್ನೂ ಎಸೆದಿಲ್ಲ. ಆಂಟೆನಾ ಹೇಗಿದೆ ಅಂತ ಕೇಬಲ್ ಹೇಳುವುದಿಲ್ಲವಲ್ಲ. ಮೊನ್ನೆ ಮಾಡ್ಯೂಲನ್ನು ಅದರ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ ಕೋಲಿಗೆ ಕಟ್ಟಿದರೆ 7 ಡಿಬಿ ಮಾಯ. ಬ್ಯಾಟರಿ ಆಂಟೆನಾಕ್ಕೆ ಅಂಟಿಕೊಂಡು ಕೂತಿತ್ತು.