ಮನೆಗೆ ಎಸ್ಪ್ರೆಸೊ ಮಷೀನ್ ತರುವ ಮುನ್ನ

ಮುಂಬೈಯ ಮಾಟುಂಗಾದ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಿಗೆಗೆ ಎಸ್ಪ್ರೆಸೊ (ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿ) ಮೊದಲು ಒರಟು ಅನ್ನಿಸಬಹುದು, ಆದರೂ ಮಷೀನ್ ಬೇಕೇ ಬೇಕು ಅಂತಿದ್ದರೆ ಡಬ್ಬದ ಮೇಲಿನ 15 ಬಾರ್ (ಒತ್ತಡದ ಅಳತೆ) ನೋಡಿ ಸುಮ್ನೆ ಮರುಳಾಗಬೇಡಿ. ಕಾಫಿಗೆ ಸುಮಾರು 9 ಸಾಕು. ಉಳಿದ ದುಡ್ಡನ್ನು ಒಳ್ಳೆಯ ಗ್ರೈಂಡರ್‌ಗೆ ಹಾಕಿ. ಚಿಕೋರಿ ಬೆರೆಸಿದ ಪುಡಿ ಬೇಡ, ಚಿಕ್ಕಮಗಳೂರಿನ ಬೀಜ ತರಿಸಿ.

ಮಷೀನ್ ಚೆನ್ನಾಗಿ ಬಿಸಿಯಾಗಲಿ. ಎರಡು ಪಾಲಿನ ಪುಡಿ ಹಿಡಿಯುವ ಜಾಲರಿ ಬಟ್ಟಲು, ಅಂದರೆ ಡಬಲ್ ಬಾಸ್ಕೆಟ್‌ಗೆ 18 ಗ್ರಾಂ ಪುಡಿ ಹಾಕಿ, ಸಮ ಮಾಡಿ ಒತ್ತಿ. 25ರಿಂದ 30 ಸೆಕೆಂಡಿನಲ್ಲಿ ಹತ್ತಿರಹತ್ತಿರ 36 ಗ್ರಾಂ ಕಾಫಿ ಇಳಿಯಬೇಕು. ಬೇಗ ಸುರಿದು ಹುಳಿಯಾದರೆ ಇನ್ನೂ ನುಣ್ಣಗೆ ಬೀಸಿ, ತೊಟ್ಟಿಕ್ಕಿ ಕಹಿಯಾದರೆ ಸ್ವಲ್ಪ ತರಿತರಿಯಾಗಿ ಬೀಸಿ. ಮುಂಬೈ ಮಳೆಗಾಲದಲ್ಲಿ ಈ ಲೆಕ್ಕ ಆಗಾಗ ತಪ್ಪುತ್ತದೆ, ತೇವ ಜಾಸ್ತಿ ಅಲ್ವಾ? ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಹಾಲು ಕಾಯಿಸಿದ ತಕ್ಷಣ ಸ್ಟೀಮ್ ಕೊಳವೆ ಒರೆಸಿ. ನಾನು ಒಮ್ಮೆ ಮರೆತು, ಮರುದಿನ ಅರ್ಧ ಗಂಟೆ ಉಜ್ಜಿದ್ದೇನೆ.